ಕುದುರೆ ಕಂಡ ಮೇಲೆ ಕಾಲುನೋವು

ಕಳೆದ ತಿಂಗಳು ಇಲ್ಲಿ ಅಮೆರಿಕದ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ದಾವಣಗೆರೆ ಕಡೆಯ ಹುಡುಗನೊಬ್ಬ ಎದುರಿಗೆ ಬಂದು ಕೂತ. ನಮ್ಮ ಟೀಮಿಗೆ ಬಂದು ವರ್ಷವಾಗಿದೆ. ವಾರಕ್ಕೆರಡು ದಿನ ಸವಾರಿ ಕಲಿಯೋಕೆ ಹೋಗ್ತಾನೆ ಅಂತ ಗೊತ್ತಿತ್ತು.

"ಅಕ್ಕ, ನೀವು ಐವತ್ತು ಮೈಲಿ ಸವಾರಿಗೆಲ್ಲ ಹೋಗ್ತೀರಲ್ಲ. ನಾನೂ ಒಂದು ಕುದುರೆ ತಗೊಳ್ಳೋಣ ಅಂತಿದೀನಿ. ಎಷ್ಟು ಇಟ್ಕೊಂಡ್ರೆ ಆಗುತ್ತೆ?"

ಸೆಕೆಂಡ್ ಹ್ಯಾಂಡ್ ಕಾರಿನ ರೇಟು ಕೇಳಿದ ಹಾಗೆ ಕೇಳಿದ.

"ನಿನ್ನ ಹತ್ರ ಎಷ್ಟಿದೆ?"

"ಹದಿನಾಲ್ಕು ಸಾವಿರ ಡಾಲರ್ ಕೂಡಿಟ್ಟಿದೀನಿ."

"ಹಾಗಾದ್ರೆ ಏಳು ಸಾವಿರದೊಳಗಿನ ಕುದುರೆ ನೋಡು. ಅದರ ಮೇಲೆ ಒಂದು ಡಾಲರ್ ಬೇಡ."

ಅವನ ಮುಖ ಸಪ್ಪಗಾಯಿತು. ಹದಿಮೂರು ಸಾವಿರದ ಒಂದು ಬಿಳಿ ಅರೇಬಿಯನ್ ಕುದುರೆಯ ಫೋಟೋ ಆಗಲೇ ಫೋನಿನಲ್ಲಿ ಇಟ್ಟುಕೊಂಡಿದ್ದ. ಬಾಲ ಎತ್ತಿಕೊಂಡು ಓಡುತ್ತಿರುವ ಫೋಟೋ. ಇಂಥ ಫೋಟೋ ತೋರಿಸುವವರೆಲ್ಲ ಕುತ್ತಿಗೆ, ಕೂದಲು, ಕಣ್ಣು ತೋರಿಸುತ್ತಾರೆ. ಮೊಣಕಾಲಿನ ಕೆಳಗೆ ಏನಿದೆ ಅನ್ನೋದು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತೆ.

ಈ ಅರ್ಧದ ಲೆಕ್ಕ ನನ್ನದಲ್ಲ. ಅಪ್ಪನದು. ಅವರು ಜೀವನದಲ್ಲಿ ಒಂದು ಕುದುರೆಯನ್ನೂ ಕೊಂಡವರಲ್ಲ.

ನಮ್ಮೂರು ಅಜ್ಜಂಪುರದ ಹತ್ತಿರ. ಅಮೃತಮಹಲ್ ದನಗಳ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಸರ ಆ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಅಂತ ಹೆಸರಿತ್ತು. ಅಮೃತಮಹಲ್ ಅಂತ ಕರೆದವನು ಟಿಪ್ಪು. ಹೆಸರು ಬೆಣ್ಣೆಯದಾದರೂ ಅವು ಹಾಲಿಗಿಂತ ಕಾಲಿಗೆ ಹೆಸರಾದ ದನಗಳು. ಕಾವಲುಗಳಲ್ಲಿ ಮೇಯ್ದು ಬೆಳೆದು, ಸೈನ್ಯದ ಫಿರಂಗಿ, ಸಾಮಾನು ಎಳೆಯುತ್ತಿದ್ದವು. ಹೈದರಾಲಿ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಹೋಗಿದ್ದು ಈ ಎತ್ತುಗಳ ಬಲದಿಂದಲೇ ಅಂತ ಹಳೇ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ನೂರು ಮೈಲಿ! ಈಗ ನಾನು ಇರುವ ಊರಿನ ಪಕ್ಕದಲ್ಲಿ ಜನ ಅದೇ ನೂರು ಮೈಲಿಗಾಗಿ ವರ್ಷಪೂರ್ತಿ ಕುದುರೆ ತಯಾರು ಮಾಡುತ್ತಾರೆ. ಇದನ್ನು ಮೊದಲ ಸಲ ಓದಿದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. "ಅದ್ರಾಗೇನೈತೆ? ನಮ್ಮ ದನ ಅಲ್ವೇನವ್ವ" ಅಂದು ಸುಮ್ಮನಾದರು.

ಎಂಟನೇ ವಯಸ್ಸಿನಲ್ಲಿ ಅವರ ಜೊತೆ ದನದ ಜಾತ್ರೆಗೆ ಹೋಗುತ್ತಿದ್ದೆ. ಹೆಣ್ಣುಡುಗಿಗೆ ಅಲ್ಲೇನು ಕೆಲಸ ಅಂತ ಅಜ್ಜಿ ಗೊಣಗುತ್ತಿದ್ದರು. ನನ್ನ ಕೆಲಸ ಬುತ್ತಿ ಕಾಯೋದು. ದಲ್ಲಾಳಿಗಳು ಟವೆಲಿನ ಕೆಳಗೆ ಕೈ ಕೈ ಹಿಡಿದು ಬೆರಳಿನಲ್ಲೇ ವ್ಯಾಪಾರ ಮಾಡುತ್ತಿದ್ದರು. ಬಾಯಲ್ಲಿ ಮಳೆಯ ಮಾತು, ಟವೆಲಿನ ಕೆಳಗೆ ಸಾವಿರದ ಮಾತು. ಅಪ್ಪ ಮೊದಲು ಹಲ್ಲು ನೋಡುತ್ತಿದ್ದರು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅಂತ ವಯಸ್ಸಿನ ಲೆಕ್ಕ. ಆಮೇಲೆ ಸುಳಿ. ಸುಳಿಯನ್ನು ಅವರು ಅಷ್ಟಾಗಿ ನಂಬುತ್ತಿರಲಿಲ್ಲ. ಆದರೆ ಮುಂದೆ ಮಾರುವಾಗ ಕೊಳ್ಳುವವನು ನಂಬುತ್ತಾನಲ್ಲ, ಅದಕ್ಕೆ. ಕೊನೆಗೆ ಕುಕ್ಕರಗಾಲಿನಲ್ಲಿ ಕೂತು ಎರಡು ಮುಂಗಾಲನ್ನೂ ಎರಡು ಕೈಯಲ್ಲಿ ಒಟ್ಟಿಗೆ ಹಿಡಿಯುತ್ತಿದ್ದರು. ಮೊಣಕಾಲಿನಿಂದ ಗೊರಸಿನ ತನಕ, ನಿಧಾನಕ್ಕೆ, ಕಣ್ಣು ಎಲ್ಲೋ ನೆಟ್ಟು. ಒಂದು ಕಾಲು ಬಿಸಿ, ಒಂದು ತಣ್ಣಗೆ ಅನಿಸಿದರೆ ಎದ್ದು ಪಂಚೆ ಕೊಡವಿಕೊಂಡು ಮುಂದಿನ ಜೋಡಿಯ ಹತ್ತಿರ ಹೋಗುತ್ತಿದ್ದರು. ಯಾಕೆ ಬೇಡ ಅಂತ ಹೇಳುತ್ತಲೂ ಇರಲಿಲ್ಲ.

ಸಂಚಕಾರ, ಅಂದರೆ ಮುಂಗಡ, ಕೊಡುವ ಮುಂಚೆ ಒಂದು ಮಾತು ಆಡುತ್ತಿದ್ದರು. "ಎತ್ತಿಗರ್ಧ, ಮೇವಿಗರ್ಧ." ಮನೆಯಿಂದ ತಂದ ದುಡ್ಡಿನಲ್ಲಿ ಅರ್ಧ ವಾಪಸ್ಸು ಮನೆಗೆ ಬರಲೇಬೇಕು.

ಇದೆಲ್ಲ ಗೊತ್ತಿದ್ದವಳು ನಾನು. ಆದರೂ 2017ರ ಮಾರ್ಚಿನಲ್ಲಿ 1,800 ಡಾಲರಿಗೆ ಒಂದು ಕುದುರೆ ಕೊಂಡೆ. ಕಾಲು ಮುಟ್ಟಿಯೂ ನೋಡಲಿಲ್ಲ.

ಅದರ ಕಥೆಗೆ ಮೊದಲು, ಈ ಎಂಡ್ಯೂರೆನ್ಸ್ ಸವಾರಿ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದು ರೇಸ್‌ಕೋರ್ಸಿನ ಆಟ ಅಲ್ಲ. ಕಾಡು, ಗುಡ್ಡ, ಹೊಳೆ ದಾಟಿಕೊಂಡು ಒಂದೇ ದಿನದಲ್ಲಿ 50 ಮೈಲಿ, ಅಂದರೆ 80 ಕಿಲೋಮೀಟರ್, ಇಲ್ಲವೇ 100 ಮೈಲಿ ಹೋಗಬೇಕು. ಐವತ್ತಕ್ಕೆ 12 ಗಂಟೆ, ನೂರಕ್ಕೆ 24 ಗಂಟೆ. ಹೊಸಬರಿಗೆ 25ರಿಂದ 35 ಮೈಲಿಯ ಚಿಕ್ಕ ಸವಾರಿ ಉಂಟು. ನೂರು ಮೈಲಿ ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಇನ್ನೂ ಸ್ವಲ್ಪ ಮುಂದೆ ಹೋದ ಹಾಗೆ, ಅದೂ ಚಾರ್ಮಾಡಿಯಂಥ ಘಾಟಿಗಳನ್ನು ಹತ್ತಿ ಇಳಿದುಕೊಂಡು. ದಾರಿಯಲ್ಲಿ ಅಲ್ಲಲ್ಲಿ ಪಶುವೈದ್ಯರು ಕಾದಿರುತ್ತಾರೆ. ಕುದುರೆಯ ಎದೆಬಡಿತ ನಿಮಿಷಕ್ಕೆ 60 ಅಥವಾ 64ಕ್ಕೆ ಇಳಿಯಬೇಕು. ಅರ್ಧ ಗಂಟೆಯೊಳಗೆ ಇಳಿಯದಿದ್ದರೆ ಅಲ್ಲಿಗೆ ಆಟ ಮುಗಿಯಿತು. ಒಸಡು ಒತ್ತಿ ಎಷ್ಟು ಬೇಗ ಕೆಂಪಾಗುತ್ತೆ ನೋಡುತ್ತಾರೆ, ಕತ್ತಿನ ಚರ್ಮ ಚಿವುಟಿ ನೀರು ಕಮ್ಮಿಯಾಗಿದೆಯಾ ನೋಡುತ್ತಾರೆ, ಹೊಟ್ಟೆಗೆ ಕಿವಿಕೊಟ್ಟು ಕರುಳಿನ ಸದ್ದು ಕೇಳುತ್ತಾರೆ. ಕೊನೆಗೆ ಓಡಿಸಿ ತೋರಿಸು ಅನ್ನುತ್ತಾರೆ. ಒಂದು ಹೆಜ್ಜೆ ಕುಂಟಿದರೂ ಮನೆಗೆ.

ಅಮೆರಿಕದ ಸವಾರರ ಸಂಘ ಎಇಆರ್‌ಸಿ 1972ರಲ್ಲಿ ಶುರುವಾಯಿತು. ಮುಗಿಸಿದರೆ ಗೆದ್ದಂತೆ ಅನ್ನೋದು ಅವರ ಮಾತು. ಕೊನೆಗೆ ಬಂದವರಿಗೆ ಎಷ್ಟೋ ಕಡೆ ಆಮೆಯ ಬಹುಮಾನ ಕೊಡುತ್ತಾರೆ. ನನ್ನ ಮನೆಯಲ್ಲಿ ಅಂಥ ಎರಡು ಆಮೆಗಳಿವೆ.

ಇದಕ್ಕೆಲ್ಲ ತವರು ಅನ್ನಬಹುದಾದ ಜಾಗ ಕ್ಯಾಲಿಫೋರ್ನಿಯಾದ ಆಬರ್ನ್. 1955ರಲ್ಲಿ ವೆಂಡೆಲ್ ರಾಬಿ ಅನ್ನುವವರು ಸಿಯೆರಾ ಬೆಟ್ಟಗಳನ್ನು ದಾಟಿ ಒಂದೇ ದಿನದಲ್ಲಿ ಆ ಊರಿಗೆ ಕುದುರೆಯಲ್ಲಿ ಬಂದರು. ಅದೇ ಇವತ್ತಿನ ಟೆವಿಸ್ ಕಪ್. ನೂರು ಮೈಲಿ, ಬೇಸಿಗೆಯ ಬಿಸಿಲು, ಒಲೆಯಂತೆ ಕಾದ ಕಣಿವೆಗಳು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಮುಗಿಸುತ್ತಾರೆ. 1973ರಲ್ಲಿ ಗಾರ್ಡಿ ಐನ್ಸ್ಲೀ ಅನ್ನುವ ಸವಾರನ ಕುದುರೆ ದಾರಿಯಲ್ಲೇ ಕುಂಟಿತು. ಕೈಕೊಟ್ಟಿತು ಅನ್ನೋದಕ್ಕಿಂತ ಕಾಲುಕೊಟ್ಟಿತು ಅನ್ನಬೇಕು. ಮಾರನೇ ವರ್ಷ ಆತ ಕುದುರೆಯ ಗೊಡವೆಯೇ ಬೇಡ ಅಂತ ಅದೇ ನೂರು ಮೈಲಿಯನ್ನು ತಾನೇ ಓಡಿ 24 ಗಂಟೆಯೊಳಗೆ ಮುಗಿಸಿದ. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿದ್ದು ಹಾಗೆ. ಕೆಟ್ಟ ಕಾಲಿನ ಕುದುರೆ ಕೊಂಡವರಿಗೆಲ್ಲ ಇಷ್ಟು ಒಳ್ಳೆಯ ಕೊನೆ ಸಿಗೋದಿಲ್ಲ ಬಿಡಿ.

ನನ್ನ ಕುದುರೆಗೆ ಬರೋಣ. ಏಳು ವರ್ಷದ ಗಂಡು ಅರೇಬಿಯನ್, ಬೀಜ ಒಡೆದದ್ದು. ಕೆಂಪು ಬಣ್ಣ, ಹಣೆಯ ಮೇಲೆ ನಾಮ. ಕಾಗದದಲ್ಲಿ ಮಾರುದ್ದದ ಹೆಸರಿತ್ತು. ನಾನು ಕೆಂಚ ಅಂದೆ. ನಮ್ಮ ಮನೆಯ ಕೆಂಪು ಎತ್ತಿಗೂ ಅದೇ ಹೆಸರಿತ್ತು. ಕೊಳ್ಳುವ ಮುಂಚೆ ಪಶುವೈದ್ಯರಿಂದ ಪೂರ್ತಿ ಪರೀಕ್ಷೆ ಮಾಡಿಸು ಅಂತ ಎಲ್ಲರೂ ಹೇಳಿದರು. ಎಕ್ಸ್‌ರೇ ಸೇರಿ 700 ಡಾಲರ್ ಆಗುತ್ತೆ ಅಂದರು. 1,800ರ ಕುದುರೆಗೆ 700ರ ಪರೀಕ್ಷೆಯಾ? ಮೂರು ಕಾಸಿನ ಗಂಟೆಗೆ ಆರು ಕಾಸಿನ ಹಗ್ಗ ಅನ್ನಿಸಿತು. ಬೇಡ ಅಂದೆ. ಮಾರಿದವರು ಸುಳ್ಳು ಹೇಳಿದರು ಅಂತ ನಾನು ಹೇಳೋದಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಜೂನಿನಲ್ಲಿ 25 ಮೈಲಿ ಮುಗಿಸಿದ. ಆಗಸ್ಟಿನಲ್ಲಿ 50ಕ್ಕೆ ಹೋದೆವು. 34ನೇ ಮೈಲಿಯ ತಪಾಸಣೆಯಲ್ಲಿ ಎದೆಬಡಿತ ಚೆನ್ನಾಗಿತ್ತು, ಹೊಟ್ಟೆ ಚೆನ್ನಾಗಿತ್ತು, ಎಲ್ಲಕ್ಕೂ 'ಎ' ಬಂತು. ಓಡಿಸಿದೆ. ಹೋಗುವಾಗ ನನಗೇನೂ ಕಾಣಲಿಲ್ಲ. ತಿರುಗಿಸಿ ವಾಪಸ್ಸು ಓಡಿಸಿಕೊಂಡು ಬರುವಾಗ ಡಾಕ್ಟರ ಮುಖ ನೋಡಿದೆ. ಅವರು ಕುದುರೆಯ ತಲೆ ನೋಡುತ್ತಿದ್ದರು. ಮುಂಗಾಲು ನೋಯುವ ಕುದುರೆ ಆ ಕಾಲು ನೆಲಕ್ಕೂರುವಾಗ ತಲೆ ಎತ್ತುತ್ತೆ, ಒಳ್ಳೇ ಕಾಲು ಊರುವಾಗ ತಗ್ಗಿಸುತ್ತೆ. ಹೂಂ, ಹೂಂ ಅಂತ ತಲೆ ಆಡಿಸಿದ ಹಾಗೆ. ಕೆಂಚ ಹೂಂಗುಟ್ಟುತ್ತಾ ಬರುತ್ತಿದ್ದ. ಡಾಕ್ಟರು ಕುಕ್ಕರಗಾಲಿನಲ್ಲಿ ಕೂತರು. ಎರಡು ಮುಂಗಾಲನ್ನೂ ಎರಡು ಕೈಯಲ್ಲಿ ಒಟ್ಟಿಗೆ ಹಿಡಿದರು. ಮೊಣಕಾಲಿನಿಂದ ಗೊರಸಿನ ತನಕ, ನಿಧಾನಕ್ಕೆ, ಕಣ್ಣು ಎಲ್ಲೋ ನೆಟ್ಟು.

ನನಗೆ ಅಳು ಬಂತು. ಅವರು ಕುದುರೆಗಾಗಿ ಅಳುತ್ತಿದ್ದಾಳೆ ಅಂದುಕೊಂಡು ಸಮಾಧಾನ ಮಾಡಿದರು.

ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು. ಬಲ ಮುಂಗಾಲಿನ ಹಿಂಭಾಗದ ಕಟ್ಟು, ಸಸ್ಪೆನ್ಸರಿ ಲಿಗಮೆಂಟ್ ಅನ್ನುತ್ತಾರೆ, ಹಿಂದೆ ಯಾವಾಗಲೋ ಹರಿದು ಅರೆಬರೆ ಕೂಡಿಕೊಂಡಿತ್ತು. ಈಗ ಮತ್ತೆ ಹರಿದಿದೆ. ಒಂಬತ್ತು ತಿಂಗಳು ವಿಶ್ರಾಂತಿ. ಮೊದಲು ಕಟ್ಟಿದ ಜಾಗದಲ್ಲೇ, ಆಮೇಲೆ ದಿನಕ್ಕೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಸೋದು, ಆಮೇಲೆ ಹದಿನೈದು ನಿಮಿಷ. ಆಫೀಸು ಮುಗಿಸಿ ನಲವತ್ತು ನಿಮಿಷ ಡ್ರೈವ್ ಮಾಡಿಕೊಂಡು ಹೋಗಿ ಹತ್ತು ನಿಮಿಷ ಕುದುರೆ ನಡೆಸಿ ವಾಪಸ್ಸು ಬರುತ್ತಿದ್ದೆ. ನಮ್ಮ ಮನೆಯವರು ಒಂದು ದಿನ ಮೆಲ್ಲಗೆ ಕೇಳಿದರು, "ಇದಕ್ಕಿಂತ ನೀನೊಬ್ಬಳೇ ವಾಕಿಂಗ್ ಹೋದ್ರೆ ಆಗಲ್ವಾ?"

ಹದಿನಾಲ್ಕು ತಿಂಗಳ ಲೆಕ್ಕ ಒಂದು ಹಳೇ ನೋಟ್‌ಬುಕ್ಕಿನಲ್ಲಿದೆ. ಕುದುರೆಗೆ 1,800. ಇರಿಸಿದ ಜಾಗಕ್ಕೆ ಹುಲ್ಲೂ ಸೇರಿ ತಿಂಗಳಿಗೆ 550ರಂತೆ 7,700. ಲಾಳ, ಗೊರಸು ಕತ್ತರಿಸಿದ್ದು 1,200. ವೈದ್ಯರಿಗೆ 3,400. ಒಟ್ಟು 14,100. ಇಷ್ಟಕ್ಕೆ ನಾನು ಮುಗಿಸಿದ ಮೈಲಿ 25. ಮೈಲಿಗೆ 564 ಡಾಲರ್. ವಿಮಾನದಲ್ಲಿ ಫಸ್ಟ್ ಕ್ಲಾಸ್ ಇದಕ್ಕಿಂತ ಎಷ್ಟೋ ಅಗ್ಗ.

ಕೆಂಚನನ್ನು 2018ರ ಮೇ ತಿಂಗಳಲ್ಲಿ ಹನ್ನೊಂದು ವರ್ಷದ ಒಬ್ಬಳು ಹುಡುಗಿಗೆ ಹಾಗೇ ಕೊಟ್ಟೆ. ಮನೆಯ ಸುತ್ತ ನಿಧಾನಕ್ಕೆ ಸುತ್ತಾಡೋಕೆ ಅವನ ಕಾಲು ಸಾಕು. ಅವಳ ಜೊತೆ ಸುಖವಾಗಿದ್ದಾನೆ. ನನ್ನ ಹತ್ತಿರ ಇದ್ದದ್ದಕ್ಕಿಂತ ಸುಖವಾಗಿದ್ದಾನೆ ಅಂತ ಒಪ್ಪಿಕೊಳ್ಳೋಕೆ ಸ್ವಲ್ಪ ದಿನ ಬೇಕಾಯಿತು.

ಆಮೇಲೆ ಎರಡು ಸೀಸನ್ ನಾನು ಕುದುರೆ ಕೊಳ್ಳಲಿಲ್ಲ. ಸವಾರಿಗಳಲ್ಲಿ ಡಾಕ್ಟರ ಪಕ್ಕ ನಿಂತು ಅವರು ಹೇಳಿದ್ದನ್ನು ಕಾರ್ಡಿನಲ್ಲಿ ಬರೆದುಕೊಳ್ಳುವ ಗುಮಾಸ್ತೆಯ ಕೆಲಸ ಮಾಡಿದೆ. ಟೆವಿಸ್‌ನಲ್ಲಿ 68ನೇ ಮೈಲಿಗೆ ಫಾರೆಸ್ಟ್‌ಹಿಲ್ ಅನ್ನುವ ಊರು ಬರುತ್ತೆ. ಅಲ್ಲಿ ಸಂಜೆಯಿಂದ ರಾತ್ರಿಯ ತನಕ ನಿಂತಿದ್ದೆ. ಒಂದಾದ ಮೇಲೊಂದು ಕುದುರೆ, ಮೈಯೆಲ್ಲ ಬೆವರಿನ ಉಪ್ಪು. ಬಿಸಿಲಿನಲ್ಲಿ ಕೆಲಸ ಮಾಡುವ ಕುದುರೆ ಗಂಟೆಗೆ ಹತ್ತು ಹದಿನೈದು ಲೀಟರ್ ಬೆವರಬಲ್ಲದು. ನೀರಿನ ತೊಟ್ಟಿಗೆ ಮೂತಿ ಇಟ್ಟು ಹೀರುವ ಸದ್ದು ಕೇಳಿಯೇ ಯಾವುದು ಮುಂದೆ ಹೋಗುತ್ತೆ ಅಂತ ಹೇಳುವ ಹಳಬರಿದ್ದರು. ಒಂದು ರಾತ್ರಿಯಲ್ಲಿ ನೂರು ಕುದುರೆ ಓಡೋದನ್ನು ನೋಡಿದರೆ ಕಣ್ಣು ತಾನಾಗಿಯೇ ತಯಾರಾಗುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮೇಲೆ ಊಟ ಬೇರೆ ಹಾಕುತ್ತಾರೆ. ಕುದುರೆ ಕೊಳ್ಳುವ ಮುಂಚೆ ಎಷ್ಟು ಖರ್ಚು ಮಾಡಬೇಕು ಅಂತ ಕೇಳಿದರೆ, ಮೊದಲು ಹತ್ತು ಶನಿವಾರ ಖರ್ಚು ಮಾಡು ಅಂತ ನಾನು ಹೇಳೋದು. ದಾವಣಗೆರೆ ಹುಡುಗನಿಗೂ ಹೇಳಿದೆ. ಅವನು ಎರಡು ಶನಿವಾರ ಬಂದ. ಇರಲಿ.

ಗುಮಾಸ್ತೆಯಾಗಿದ್ದಾಗ ಬೆಲೆಗಳ ಗುಟ್ಟೂ ತಿಳಿಯಿತು. ಇಲ್ಲಿ ಕಾಡುಕುದುರೆಯನ್ನು ಸರ್ಕಾರದಿಂದ 125 ಡಾಲರಿಗೆ ದತ್ತು ತಗೋಬಹುದು. ಹೌದು, ನೂರಿಪ್ಪತ್ತೈದು. ಮಸ್ಟ್ಯಾಂಗ್ ಅನ್ನುವ ಆ ಕುದುರೆಗಳ ಗೊರಸು ಕಲ್ಲಿನಂತಿರುತ್ತೆ. ಆದರೆ ಮನುಷ್ಯನ ಕೈ ಸೋಕಿರೋದಿಲ್ಲ. ಪಳಗಿಸೋಕೆ ಬರುವವರಿಗೆ ಅದು ಬಂಗಾರ, ನನ್ನಂಥವಳಿಗೆ ಆಸ್ಪತ್ರೆಯ ಬಿಲ್ಲು. ಇನ್ನೊಂದು ತುದಿಯಲ್ಲಿ, ಬೇರೆ ದೇಶಗಳಲ್ಲಿ ಸ್ಪರ್ಧೆಗೆ ಹೋಗುವ, ಕೊಲ್ಲಿ ರಾಷ್ಟ್ರಗಳವರು ಬಂದು ಕೊಳ್ಳುವ ದುಬಾರಿ ಕುದುರೆಗಳು. ಆ ಬೆಲೆ ಕೊಡೋದು ವೇಗಕ್ಕೆ. ಆಮೆಯ ಬಹುಮಾನ ತಗೊಂಡು ಬರುವವರಿಗೆ ಆ ವೇಗ ಯಾಕೆ? ಇವೆರಡರ ನಡುವೆ ನಮ್ಮಂಥವರ ಸಂತೆ. ಮೂರು ಸಾವಿರದಿಂದ ಹನ್ನೆರಡು ಸಾವಿರದ ತನಕ.

ಮೂರು ಸಾವಿರಕ್ಕೆ ಏನು ಸಿಗುತ್ತೆ? ನಾಲ್ಕು ವರ್ಷದ ಮರಿ ಅರೇಬಿಯನ್. ಚಂದದ ಕಾಲು, ಖಾಲಿ ಚರಿತ್ರೆ. ನಾಲ್ಕರಲ್ಲಿ ಚಿಕ್ಕ ಸವಾರಿಗೆ ಮಾತ್ರ ಬಿಡುತ್ತಾರೆ. ಐದಾಗದೆ 50ಕ್ಕೆ ಸೇರಿಸೋದಿಲ್ಲ. ಟೆವಿಸ್‌ಗೆ ಆರಾಗಿರಬೇಕು. ಸುಮ್ನೆ ಮಾಡಿದ ರೂಲ್ಸ್ ಅಲ್ಲ ಇವು. ಕುದುರೆಯ ಎದೆ, ಸ್ನಾಯು ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತವೆ. ಮೂಳೆ, ಕಟ್ಟುಗಳು ಗಟ್ಟಿಯಾಗೋಕೆ ವರ್ಷಗಳೇ ಬೇಕು. ನೂರು ಮೈಲಿಯ ಕುದುರೆ ತಯಾರಾಗೋಕೆ ಮೂರು ವರ್ಷ ಅಂತ ಇಲ್ಲಿ ಹಳಬರು ಹೇಳೋದು ಇದಕ್ಕೇ. ಕುದುರೆ ಇನ್ನೂ ಓಡ್ತೀನಿ ಅನ್ನುತ್ತೆ, ಎದೆಬಡಿತವೂ ಹೂಂ ಅನ್ನುತ್ತೆ, ಕಾಲು ಮಾತ್ರ ಒಳಗೊಳಗೇ ಹರಿಯುತ್ತಿರುತ್ತೆ. ಮೋಸ ಹೋಗೋದೇ ಅಲ್ಲಿ.

ಆ ಮೂರು ವರ್ಷದ ಖರ್ಚು ಯಾರದು? ಈಗ ನನಗೆ ಒಂದು ಕುದುರೆಗೆ ವರ್ಷಕ್ಕೆ ಬೀಳೋದು ಹೀಗೆ. ಜಾಗ, ಹುಲ್ಲಿಗೆ 7,800. ಆರು ವಾರಕ್ಕೊಮ್ಮೆ ಲಾಳ ಹೊಡೆಸೋಕೆ 170ರಂತೆ ಸಾವಿರದ ಐನೂರು. ಲಸಿಕೆ, ಹಲ್ಲು ಉಜ್ಜಿಸೋದು ಏಳುನೂರು. ಏನೂ ಕೆಡದ ವರ್ಷದಲ್ಲಿ ಹತ್ತು ಸಾವಿರ. ಮೂರು ಸಾವಿರದ ಮರಿ ನೂರು ಮೈಲಿಗೆ ತಯಾರಾಗುವ ಹೊತ್ತಿಗೆ ಮೂವತ್ಮೂರು ಸಾವಿರದ್ದಾಗಿರುತ್ತೆ. ತಯಾರಾದರೆ! ದೊಡ್ಡ ಕುದುರೆಗೂ ಹುಲ್ಲು ಹಾಕಬೇಕಲ್ಲ ಅಂತ ನೀವು ಕೇಳಬಹುದು. ಹಾಕಬೇಕು. ಆದರೆ ಆ ಮೂರು ವರ್ಷ ನಾನು ಅದರ ಮೇಲೆ ಕೂತಿರುತ್ತೇನೆ. ಸ್ವಂತ ಜಮೀನು, ಸ್ವಂತ ಹುಲ್ಲು ಇರುವವರ ಲೆಕ್ಕ ಬೇರೆ. ಮರಿ ಸಾಕಿ ಬೆಳೆಸುವ ಸುಖವೂ ಬೇರೆ. ಅದು ಬೇಕಾದವರು ಅದನ್ನೇ ಮಾಡಲಿ. ಅಗ್ಗ ಅಂದುಕೊಂಡು ಮಾಡೋದು ಬೇಡ ಅಷ್ಟೇ.

ಹಾಗಾಗಿ ನಾನು ದುಡ್ಡು ಕೊಡೋದು ಆಗಲೇ ಕಳೆದುಹೋದ ವರ್ಷಗಳಿಗೆ. ಬೇರೆಯವರು ಹುಲ್ಲು ಹಾಕಿ, ಕಾದು, ಕಾಲು ಗಟ್ಟಿ ಮಾಡಿದ ವರ್ಷಗಳಿಗೆ. ಅವನ್ನು ಮಾರುವವರು ಯಾವತ್ತೂ ಪೂರ್ತಿ ಬೆಲೆಗೆ ಮಾರಲಾರರು. ಸಂತೆಯಲ್ಲಿ ನಿಜವಾಗಿ ಅಗ್ಗಕ್ಕೆ ಸಿಗೋದು ಅದೊಂದೇ.

ಈ ವರ್ಷಗಳನ್ನು ಓದೋಕೆ ಬರಬೇಕು. ಎಇಆರ್‌ಸಿಯವರ ಹತ್ತಿರ ಪ್ರತಿ ಕುದುರೆಯ ಜಾತಕ ಇರುತ್ತೆ, ಯಾರು ಬೇಕಾದರೂ ನೋಡಬಹುದು. ಯಾವ ದಿನ, ಎಷ್ಟು ಮೈಲಿ, ಎಷ್ಟನೆಯವನಾಗಿ ಬಂದ, ಬರದಿದ್ದರೆ ಯಾಕೆ. ಕುಂಟಿದ್ದಾ, ಹೊಟ್ಟೆ ಕೆಟ್ಟು ಸುಸ್ತಾದದ್ದಾ, ಹೊತ್ತು ಮೀರಿದ್ದಾ, ಸವಾರನೇ ಸಾಕು ಅಂದದ್ದಾ. ಹೊಸಬರು ಮೈಲಿ ಕೂಡಿಸಿ ನೋಡುತ್ತಾರೆ. ನಾನು ಖಾಲಿ ಜಾಗ ನೋಡುತ್ತೇನೆ. ಒಂದು ಸಲ ಒಂದು ಚಂದದ ಕುದುರೆ ಬಂತು, 900 ಮೈಲಿ, ಬೆಲೆ ಆರು ಸಾವಿರ. ಕೈ ತುರಿಸಿತು. ಎರಡನೇ ಸಲ ನೋಡಿದರೆ ಮಧ್ಯೆ ಹತ್ತೊಂಬತ್ತು ತಿಂಗಳು ಒಂದೂ ಸವಾರಿ ಇಲ್ಲ. ಫೋನ್ ಮಾಡಿ ಕೇಳಿದೆ. "ನನಗೆ ಮಗುವಾಗಿತ್ತು" ಅಂದಿದ್ದರೆ ತಗೊಂಡುಬಿಡುತ್ತಿದ್ದೆ. "ಸುಮ್ಮನೆ ರೆಸ್ಟ್ ಕೊಟ್ಟಿದ್ವಿ" ಅಂದರು. ಹುಲ್ಲಿಗೆ ವರ್ಷಕ್ಕೆ ಸಾವಿರಾರು ಡಾಲರ್ ಸುರಿದು ಯಾರು ಸುಮ್ಮನೆ ರೆಸ್ಟ್ ಕೊಡುತ್ತಾರೆ?

ಮಲ್ಲಿ ಸಿಕ್ಕಿದ್ದು 2021ರ ಆರಂಭದಲ್ಲಿ. ಹನ್ನೊಂದು ವರ್ಷದ ಬೂದು ಬಣ್ಣದ ಹೆಣ್ಣು ಕುದುರೆ. 1,020 ಮೈಲಿ, ಅದರಲ್ಲಿ ನೂರು ಮೈಲಿಯ ಸವಾರಿ ಎರಡು. ಎರಡು ಸಲ ಮಾತ್ರ ಮಧ್ಯದಲ್ಲಿ ನಿಂತಿದ್ದಳು, ಒಂದು ಸಲ ಸವಾರಳಿಗೆ ಜ್ವರ, ಇನ್ನೊಂದು ಸಲ ಲಾಳ ಕಿತ್ತು ಕಾಲು ನೊಂದಿತ್ತು. ಒಂದು ಸಲವೂ ಮೊದಲ ಹತ್ತರಲ್ಲಿ ಬಂದವಳಲ್ಲ. ಅದಕ್ಕೇ ನನ್ನ ಕೈಗೆ ಎಟುಕಿದಳು. ಮೂತಿ ಉದ್ದ, ಕಿವಿ ಇನ್ನೂ ಉದ್ದ. ಫೋಟೋದಲ್ಲಿ ಕತ್ತೆಯ ನೆಂಟಳ ಹಾಗೆ ಕಾಣುತ್ತಾಳೆ. 9,500 ಹೇಳಿದರು, 8,500ಕ್ಕೆ ಇಳಿದರು. ಹೆಸರು ನಾನಿಟ್ಟಿದ್ದು ಮಲ್ಲಿ. ಇಲ್ಲಿಯವರ ಬಾಯಲ್ಲಿ ಎರಡೇ ದಿನಕ್ಕೆ ಮಾಲಿ ಆದಳು.

ಈ ಸಲ ಪರೀಕ್ಷೆಗೆ 1,150 ಡಾಲರ್ ಕೊಟ್ಟೆ. ಮಾರುವವರ ಡಾಕ್ಟರಲ್ಲ, ನಾನೇ ಗೊತ್ತುಮಾಡಿದವರು. ಒಂದೊಂದು ಕಾಲನ್ನೂ ಮಡಚಿ ಒಂದು ನಿಮಿಷ ಹಿಡಿದುಕೊಂಡು, ಬಿಟ್ಟ ತಕ್ಷಣ ಓಡಿಸಿದರು. ಒಳಗೆ ನೋವಿದ್ದರೆ ಆ ಮೊದಲ ಹೆಜ್ಜೆಗಳಲ್ಲಿ ಬಯಲಾಗುತ್ತೆ. ಗಟ್ಟಿ ನೆಲದಲ್ಲಿ ಸುತ್ತು ಓಡಿಸಿದರು, ಮೆತ್ತನೆ ನೆಲದಲ್ಲಿ ಓಡಿಸಿದರು. ಎಕ್ಸ್‌ರೇ ತೆಗೆದರು. ರಕ್ತ ತೆಗೆದು ಇಟ್ಟರು, ನೋವಿನ ಔಷಧಿ ಕೊಟ್ಟು ನಿಲ್ಲಿಸಿದ್ದಾರಾ ಅಂತ ನೋಡೋಕೆ. ಹಿಂಗಾಲಿನ ಒಂದು ಕೀಲಿನಲ್ಲಿ ಸ್ವಲ್ಪ ಸವೆತ ಕಂಡಿತು. ಡಾಕ್ಟರು ಒಂದು ಮಾತು ಹೇಳಿದರು. ಸಾವಿರ ಮೈಲಿ ಓಡಿದ ಕುದುರೆಯ ಎಕ್ಸ್‌ರೇ ಪೂರ್ತಿ ಚೊಕ್ಕವಾಗಿದ್ದರೆ ಬೇರೆ ಕುದುರೆಯದ್ದೇನೋ ಅಂತ ನನಗೆ ಅನುಮಾನ ಬರುತ್ತೆ.

ಅವತ್ತು ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗ್ಗೆ. ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಎಷ್ಟಾತವ್ವ?"

"ಆರು ಲಕ್ಷದ ಮೇಲೆ ಅಪ್ಪ, ನಮ್ಮ ದುಡ್ಡಲ್ಲಿ."

ಲೋಟ ಕೆಳಗಿಟ್ಟರು. "ಆರು ಲಕ್ಷಕ್ಕೆ ನಾಕು ಜೊತೆ ಎತ್ತು ಬತ್ತಾವಲ್ಲೇ." ಸ್ವಲ್ಪ ಹೊತ್ತು ಬಿಟ್ಟು, "ಕಾಲು ನೋಡ್ದ್ಯಾ?"

"ನೋಡ್ದೆ. ಎರಡೂ ತಣ್ಣಗಿದ್ವು."

"ಮೇವಿಗೆ ಇಟ್ಕಂಡೀಯಾ?"

"ಇಟ್ಕೊಂಡಿದೀನಿ."

"ಏನು ಹಾಕ್ತಾರೆ ಅಲ್ಲಿ, ಹುರುಳಿ ಸಿಗ್ತದಾ?" ಅಂದರು. ಇಲ್ಲಿ ಆಲ್ಫಾಲ್ಫಾ ಹಾಕ್ತಾರೆ ಅಂತ ಒಣಗಿದ ಕಂತೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಅಯ್ಯೋ, ಇದು ಕುದುರೆಮಸಾಲೆ ಸೊಪ್ಪು ಕಣೆ, ನಮ್ಮ ತೋಟದ ಬದೀಲೇ ಬೆಳೀತಿದ್ವಲ್ಲ" ಅಂದರು. ಆರು ಲಕ್ಷದ ಸಂಕಟ ಅವರಿಗೆ ಅಲ್ಲಿಗೆ ಅರ್ಧ ಕಡಿಮೆಯಾಯಿತು.

ಮಲ್ಲಿಗೆ ಈಗ ಹದಿನೈದು ದಾಟಿದೆ. ನಾವಿಬ್ಬರೂ ಹನ್ನೆರಡು ಸಲ ಐವತ್ತು ಮೈಲಿ ಮುಗಿಸಿದ್ದೇವೆ. ಟೆವಿಸ್‌ಗೆ ಹೋಗಿಲ್ಲ. ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲ, ನನ್ನ ಮೊಣಕಾಲೇ ಈಗ ಮೊದಲಿನ ಹಾಗಿಲ್ಲ. ಕುದುರೆ ಕಂಡ ಕೂಡಲೆ ಕಾಲುನೋವು ಅಂತ ಗಾದೆಯಲ್ಲಿ ಹೇಳೋದು ಸೋಮಾರಿಗಳಿಗೆ. ನನಗೆ ಕುದುರೆ ಕಂಡ ಮೇಲೆ ನಿಜವಾಗಿಯೇ ಬಂತು. ಹೊಸಬರಿಗೆ ನಾನು ಹೇಳೋದು ಇಂಥ ಹದಿಮೂರು ಹದಿನಾಲ್ಕರ ಕುದುರೆಯನ್ನೇ. ವಯಸ್ಸಾಯಿತು ಅಂತ ಬೆಲೆ ಇಳಿದಿರುತ್ತೆ, ದಾರಿ ಅದಕ್ಕೆ ಗೊತ್ತಿರುತ್ತೆ. ಯಾವಾಗ ನೀರು ಕುಡಿಯಬೇಕು, ಎಲ್ಲಿ ನಡೆಯಬೇಕು ಅಂತ ಅದೇ ಸವಾರನಿಗೆ ಕಲಿಸುತ್ತೆ.

ಜೀನಿನ ವಿಷಯ, ಟ್ರೇಲರ್ ಎಳೆಯುವ ಗಾಡಿಯ ವಿಷಯ ಇಲ್ಲಿ ಎತ್ತೋದೇ ಇಲ್ಲ. ನಮ್ಮ ಮನೆಯವರೂ ಈ ಬ್ಲಾಗ್ ಓದುತ್ತಾರೆ.

ಹೋದ ಶನಿವಾರ ಆ ಹುಡುಗನ ಜೊತೆ ಒಂದು ಕುದುರೆ ನೋಡೋಕೆ ಹೋಗಿದ್ದೆ. ಆ ಬಿಳಿ ಕುದುರೆ ಅಲ್ಲ. ಹದಿಮೂರು ವರ್ಷದ ಕಂದು ಬಣ್ಣದ್ದು, 600 ಮೈಲಿ, ಖಾಲಿ ಜಾಗ ಒಂದೂ ಇಲ್ಲ. 7,500 ಹೇಳಿದ್ದರು. ಹುಡುಗ ಹೋದ ತಕ್ಷಣ ಮೂತಿ ಸವರಿ ಸೆಲ್ಫಿ ತೆಗೆದುಕೊಂಡ. ನಾನು ಗಟ್ಟಿ ನೆಲದ ಮೇಲೆ ಎರಡು ಸಲ ಓಡಿಸಿ ಅಂದೆ. ತಲೆ ಆಡಲಿಲ್ಲ. ಆಮೇಲೆ ಮೊಣಕಾಲು ನೋವಾದರೂ ಕುಕ್ಕರಗಾಲಿನಲ್ಲಿ ಕೂತೆ. ಎರಡು ಮುಂಗಾಲನ್ನೂ ಒಟ್ಟಿಗೆ ಹಿಡಿದೆ. ತಣ್ಣಗಿದ್ದವು. ಎಡಗಾಲಿನಲ್ಲಿ ಒಂದು ಹಳೇ ಗಾಯದ ಗಂಟು, ಒತ್ತಿದರೂ ಕುದುರೆ ಕಿವಿ ಅಲ್ಲಾಡಿಸಲಿಲ್ಲ.

ಮಾರುವವರು ಹಗ್ಗ ತರಲು ಒಳಗೆ ಹೋದರು. ಹುಡುಗ ಹತ್ತಿರ ಬಂದು ಪಿಸುಗುಟ್ಟಿದ, "ಅಕ್ಕ, ಎಷ್ಟಕ್ಕೆ ಕೇಳೋಣ?"

ಅಷ್ಟರಲ್ಲಿ ಅವರು ವಾಪಸ್ಸು ಬರುತ್ತಿದ್ದರು. ನನಗೆ ಏನು ಹೊಳೆಯಿತೋ, ತೋಳಿನ ಮೇಲಿದ್ದ ಜಾಕೆಟ್ಟನ್ನು ಅವನ ಕೈ ಮೇಲೆ ಇಳಿಬಿಟ್ಟು, ಅದರ ಕೆಳಗೆ ಮೊದಲು ಐದು ಬೆರಳು ಒಟ್ಟಿಗೆ ಹಿಡಿದು ಒತ್ತಿದೆ, ಆಮೇಲೆ ಒಂದು. ಬಾಯಲ್ಲಿ "ಈ ವರ್ಷ ಮಳೆ ಚೆನ್ನಾಗಾಯ್ತು ಅಲ್ವಾ" ಅಂದೆ.

ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ.

"ಯಾಕಕ್ಕ, ಕುದುರೆ ಸರಿ ಇಲ್ವಾ?"